ಶಾಲೆಯೊಳಗೆ ಪೊಲೀಸರು: ಯಾವ ಕಾಯಿಲೆಗೆ ಈ ಮದ್ದು?

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಹಿರಿಯರು ರಕ್ತದೊತ್ತಡ, ಸಕ್ಕರೆ ತೋರಿಸಿಕೊಳ್ಳಲು ಬಂದಾಗ ಮಾತು ಸಹಜವಾಗಿ ಮೊಮ್ಮಕ್ಕಳ ಕಡೆಗೆ ತಿರುಗುತ್ತದೆ. ಅವರಲ್ಲಿ ಹಲವರು ಕೇಳುವ ಒಂದು ಪ್ರಶ್ನೆ ಹೀಗಿದೆ: "ಡಾಕ್ಟ್ರೇ, ನಮ್ಮ ಮೊಮ್ಮಗನ ಶಾಲೆಯಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡ ಪೊಲೀಸರು ದಿನವಿಡೀ ಇರ್ತಾರಂತೆ. ಅದು ಒಳ್ಳೆಯದೋ ಕೆಟ್ಟದ್ದೋ?" ಇದು ವೈದ್ಯರನ್ನು ಕೇಳುವ ಪ್ರಶ್ನೆಯೇ ಎಂದು ಕೆಲವರಿಗೆ ಅನ್ನಿಸಬಹುದು. ಮಗುವಿನ ನಿದ್ರೆ, ಹಸಿವು, ಕಲಿಕೆ, ಧೈರ್ಯ ಎಲ್ಲವೂ ಅದು ದಿನಕ್ಕೆ ಆರೇಳು ಗಂಟೆ ಕಳೆಯುವ ಜಾಗವನ್ನು ಅವಲಂಬಿಸಿರುತ್ತವೆ. ಹಾಗಾಗಿ ಇದು ಆರೋಗ್ಯದ ಪ್ರಶ್ನೆಯೇ ಹೌದು.

ವೈದ್ಯರ ಮಾತಿನಲ್ಲೇ ಹೇಳುವುದಾದರೆ, ಶಾಲೆಯೊಳಗಿನ ಪೊಲೀಸರು ಒಂದು ತೀಕ್ಷ್ಣ ಔಷಧಿ ಇದ್ದ ಹಾಗೆ. ಸರಿಯಾದ ಕಾಯಿಲೆಗೆ, ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದರಿಂದ ಉಪಯೋಗವಿದೆ. ನೆಗಡಿ ಕೆಮ್ಮಿಗೆಲ್ಲ ಅದನ್ನೇ ಕೊಡುತ್ತಾ ಹೋದರೆ ಗುಣಕ್ಕಿಂತ ಅಡ್ಡ ಪರಿಣಾಮಗಳೇ ಹೆಚ್ಚು.

ಪದ್ಧತಿ ಬಂದದ್ದು ಹೇಗೆ?

ಅಮೆರಿಕದ ಶಾಲೆಗಳಲ್ಲಿ ಪೊಲೀಸರನ್ನು ಇರಿಸುವ ಪದ್ಧತಿ ಹೊಸದಲ್ಲ. 1950ರ ದಶಕದಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಇದು ಶುರುವಾಯಿತು. ಮಕ್ಕಳಿಗೂ ಪೊಲೀಸರಿಗೂ ನಡುವೆ ಸ್ನೇಹ ಬೆಳೆಯಲಿ ಎಂಬುದು ಆಗಿನ ಉದ್ದೇಶ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ಡೇರ್' ಎಂಬ ಕಾರ್ಯಕ್ರಮ ಆರಂಭವಾಗಿ, ಸಮವಸ್ತ್ರ ಧರಿಸಿದ ಪೊಲೀಸರು ತರಗತಿಗೇ ಬಂದು ಮಾದಕ ವಸ್ತುಗಳ ಕೆಡುಕಿನ ಪಾಠ ಹೇಳತೊಡಗಿದರು. ಪಾಠ ಬಹಳ ಜನಪ್ರಿಯವಾಯಿತು. ಆದರೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ, 1994ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ವಿಶ್ಲೇಷಣೆ, ಮಕ್ಕಳ ಮಾದಕ ವಸ್ತು ಸೇವನೆಯ ಮೇಲೆ ಅದರ ಪರಿಣಾಮ ತೀರಾ ಅಲ್ಪ ಎಂದು ತೋರಿಸಿತು. ಜನಪ್ರಿಯತೆ ಬೇರೆ, ಗುಣ ಬೇರೆ ಎಂಬುದಕ್ಕೆ ಇದೊಂದು ಪಾಠ.

1999ರ ಏಪ್ರಿಲ್ 20ರಂದು ಕೊಲರಾಡೊ ರಾಜ್ಯದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಬಂದೂಕು ಹಿಡಿದು ಬಂದು, 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಆ ಆಘಾತದ ನಂತರ ಶಾಲೆಗಳಲ್ಲಿ ಪೊಲೀಸರನ್ನು ನೇಮಿಸಲು ಕೇಂದ್ರ ಸರ್ಕಾರದ ಹಣ ಹರಿದು ಬಂತು. 2019-20ರ ಶೈಕ್ಷಣಿಕ ವರ್ಷದ ಹೊತ್ತಿಗೆ ಅಲ್ಲಿನ ಸರ್ಕಾರಿ ಶಾಲೆಗಳ ಪೈಕಿ ಸುಮಾರು ಅರ್ಧದಷ್ಟು ಕಡೆ ವಾರಕ್ಕೆ ಒಂದು ದಿನವಾದರೂ ಪೊಲೀಸ್ ಅಧಿಕಾರಿ ಇರುತ್ತಿದ್ದರು. ಫ್ಲಾರಿಡಾ 2018ರಲ್ಲಿ, ಟೆಕ್ಸಾಸ್ 2023ರಲ್ಲಿ ಪ್ರತಿ ಶಾಲೆಗೂ ಶಸ್ತ್ರಧಾರಿ ರಕ್ಷಕರು ಬೇಕೆಂದು ಕಾನೂನು ಮಾಡಿದವು.

ಇವರನ್ನು 'ಸ್ಕೂಲ್ ರಿಸೋರ್ಸ್ ಆಫೀಸರ್' ಎಂದು ಕರೆಯುತ್ತಾರೆ. ಸಾಮಾನ್ಯವಾಗಿ ಇವರು ಊರಿನ ಪೊಲೀಸ್ ಇಲಾಖೆಯ ಅಥವಾ ಕೌಂಟಿ ಶೆರಿಫ್ ಕಚೇರಿಯ ನೌಕರರು. ಕೆಲವು ಕಡೆ ಶಾಲಾ ಆಡಳಿತಕ್ಕೇ ಸ್ವಂತ ಪೊಲೀಸ್ ಪಡೆಯುಂಟು. ಕಾನೂನು ಕಾಯುವುದು, ಪಾಠ ಹೇಳುವುದು, ಹಿರಿಯಣ್ಣನಂತೆ ಸಲಹೆ ಕೊಡುವುದು ಎಂಬ ಮೂರು ಕೆಲಸ ಇವರದು ಎಂದು ಇವರ ಸಂಘವೇ ಹೇಳುತ್ತದೆ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಮಕ್ಕಳ ಹೆಸರು ಹಿಡಿದು ಕರೆಯುವ, ಮನೆಯಲ್ಲಿ ಹೊಡೆತ ತಿನ್ನುವ ಮಗುವನ್ನು ಗುರುತಿಸಿ ಸಹಾಯಕ್ಕೆ ಕಳಿಸುವ ಒಳ್ಳೆಯ ಅಧಿಕಾರಿಗಳು ಇದ್ದಾರೆ. ತೊಡಕು ಇರುವುದು ಮೂರು ಕೆಲಸಗಳ ಬೆರಕೆಯಲ್ಲಿ. ಸಲಹೆಗಾರರೆಂದು ನಂಬಿ ಮಗು ಹೇಳಿದ ಗುಟ್ಟು, ಕಾನೂನು ಕಾಯುವವರ ಕಿವಿಗೆ ಸಾಕ್ಷ್ಯವಾಗಿ ಬೀಳಬಹುದು. ವೈದ್ಯರಿಗೂ ಆಪ್ತ ಸಮಾಲೋಚಕರಿಗೂ ಇರುವ ಗೋಪ್ಯತೆಯ ಕಟ್ಟುಪಾಡು ಪೊಲೀಸರಿಗಿಲ್ಲ.

ಮದ್ದು ಎಷ್ಟು ನಾಟುತ್ತದೆ?

ಕೆಲವು ಸಲ ಚೆನ್ನಾಗಿಯೇ ನಾಟಿದೆ. 2018ರ ಮೇ ತಿಂಗಳಲ್ಲಿ ಇಲಿನಾಯ್ ರಾಜ್ಯದ ಡಿಕ್ಸನ್ ಊರಿನ ಪ್ರೌಢಶಾಲೆಯಲ್ಲಿ ಬಂದೂಕು ತಂದ ಯುವಕನನ್ನು ಅಲ್ಲಿನ ಅಧಿಕಾರಿ ತಡೆದರು. ಒಬ್ಬ ವಿದ್ಯಾರ್ಥಿಗೂ ಗಾಯವಾಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ರಾಜ್ಯದ ಅಪಲಾಚಿ ಪ್ರೌಢಶಾಲೆಯಲ್ಲಿ ನಾಲ್ವರು ಸತ್ತರು. ಶಾಲೆಯಲ್ಲೇ ಇದ್ದ ಅಧಿಕಾರಿಗಳು ಕೆಲವೇ ನಿಮಿಷಗಳಲ್ಲಿ ಎದುರಾದಾಗ ಗುಂಡು ಹಾರಿಸಿದ ಹುಡುಗ ಶರಣಾದ.

ಇನ್ನೊಂದು ಮಗ್ಗುಲೂ ಇದೆ. ಕೊಲಂಬೈನ್ ಶಾಲೆಗೂ ಶಸ್ತ್ರಧಾರಿ ಅಧಿಕಾರಿಯ ನೇಮಕವಾಗಿತ್ತು. ಅವರು ಹೊರಗಿನಿಂದ ಗುಂಡು ಹಾರಿಸಿದರೂ ದುರಂತ ನಿಲ್ಲಲಿಲ್ಲ. 2018ರ ಫೆಬ್ರುವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ 17 ಮಂದಿ ಸತ್ತಾಗ ಶಾಲೆಯ ಅಧಿಕಾರಿ ಕಟ್ಟಡದ ಹೊರಗೇ ಉಳಿದರು. 2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡಿಯ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಬಲಿಯಾದರು. ಅಲ್ಲಿನ ಶಾಲಾ ಆಡಳಿತಕ್ಕೆ ತನ್ನದೇ ಪೊಲೀಸ್ ಪಡೆ ಇತ್ತು. ವಿವಿಧ ಇಲಾಖೆಗಳ 370ಕ್ಕೂ ಹೆಚ್ಚು ಪೊಲೀಸರು ಸ್ಥಳಕ್ಕೆ ಬಂದರು. ಆದರೂ ಹಂತಕನನ್ನು ಮಣಿಸಲು 77 ನಿಮಿಷ ಹಿಡಿಯಿತು. ರಕ್ತಸ್ರಾವದಿಂದ ಸಾವು ಬರಲು ಕೆಲವೇ ನಿಮಿಷ ಸಾಕು ಎಂಬುದು ವೈದ್ಯರಿಗೆ ಗೊತ್ತು. ಆ ಹೊತ್ತಿನಲ್ಲಿ 77 ನಿಮಿಷ ಎಂದರೆ ಬಹಳ ದೊಡ್ಡ ಕಾಲ.

ಒಂದೊಂದು ಘಟನೆಯಿಂದ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಅದಕ್ಕೇ ಅಧ್ಯಯನಗಳನ್ನು ನೋಡಬೇಕು. 1980ರಿಂದ 2019ರವರೆಗಿನ 133 ಶಾಲಾ ಗುಂಡಿನ ದಾಳಿಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2021ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ನಿಯತಕಾಲಿಕವೊಂದರಲ್ಲಿ ಬಂತು. ಶಸ್ತ್ರಧಾರಿ ಕಾವಲುಗಾರರಿದ್ದ ಕಡೆ ಗಾಯಗೊಂಡವರ ಪ್ರಮಾಣ ತಗ್ಗಿರಲಿಲ್ಲ. ಸತ್ತವರ ಪ್ರಮಾಣ ಹೆಚ್ಚೇ ಇತ್ತು. ಇದನ್ನು ಓದಿ, ಕಾವಲುಗಾರರಿಂದಲೇ ಸಾವು ಹೆಚ್ಚಿತು ಎಂದುಕೊಳ್ಳಬಾರದು. ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯಲ್ಲಿ ಸಾವು ಹೆಚ್ಚು ಕಂಡರೆ ಅದಕ್ಕೆ ಘಟಕವೇ ಕಾರಣವೆನ್ನಲಾಗದು. ಕಾಯಿಲೆ ಉಲ್ಬಣಿಸಿದವರೇ ಅಲ್ಲಿಗೆ ಬರುತ್ತಾರೆ. ಆದರೆ ಒಂದು ಮಾತು ಗಮನಿಸಬೇಕು: ಇಂಥ ದಾಳಿ ಮಾಡುವವರಲ್ಲಿ ಹಲವರು ತಾವೂ ಸಾಯಲೆಂದೇ ಬಂದವರು. ಸಾವಿಗೆ ಹೆದರದವರನ್ನು ಪಿಸ್ತೂಲು ತೋರಿಸಿ ಹೆದರಿಸುವುದು ಕಷ್ಟ.

2023ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಅಧ್ಯಯನ, 2014ರಿಂದ 2018ರವರೆಗಿನ ರಾಷ್ಟ್ರಮಟ್ಟದ ಅಂಕಿಅಂಶಗಳನ್ನು ಬಳಸಿ ಎರಡೂ ಮಗ್ಗುಲನ್ನು ತೋರಿಸಿತು. ಪೊಲೀಸರಿರುವ ಶಾಲೆಗಳಲ್ಲಿ ಹೊಡೆದಾಟದಂಥ ಕೆಲವು ಬಗೆಯ ಹಿಂಸೆ ಕಡಿಮೆಯಾಗುತ್ತದೆ. ಬಂದೂಕಿನ ಘಟನೆಗಳು ಕಡಿಮೆಯಾಗುವುದಿಲ್ಲ. ಜೊತೆಗೆ ಮಕ್ಕಳನ್ನು ಶಾಲೆಯಿಂದ ಅಮಾನತು ಮಾಡುವುದು, ಹೊರಹಾಕುವುದು, ಬಂಧಿಸುವುದು ಹೆಚ್ಚುತ್ತದೆ. ಈ ಪೆಟ್ಟು ಕಪ್ಪು ಜನಾಂಗದ ಮಕ್ಕಳಿಗೂ ಅಂಗವಿಕಲ ಮಕ್ಕಳಿಗೂ ಹೆಚ್ಚಾಗಿ ತಗಲುತ್ತದೆ.

ಅಡ್ಡ ಪರಿಣಾಮಗಳು

ಹಿಂದೆ ಹೆಡ್‌ಮಾಸ್ಟರ ಕೋಣೆಯಲ್ಲಿ ಮುಗಿಯುತ್ತಿದ್ದ ತಂಟೆ, ಪೊಲೀಸರು ಪಕ್ಕದಲ್ಲೇ ಇದ್ದಾಗ ಪ್ರಕರಣವಾಗಿಬಿಡುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನ ಇರ್ವಿಂಗ್‌ನಲ್ಲಿ 14 ವರ್ಷದ ಹುಡುಗನೊಬ್ಬ ತಾನೇ ಜೋಡಿಸಿದ ಗಡಿಯಾರವನ್ನು ಶಿಕ್ಷಕರಿಗೆ ತೋರಿಸಲು ತಂದಿದ್ದ. ಅದನ್ನು ಬಾಂಬಿನಂತೆ ಕಂಡು ಅವನಿಗೆ ಕೈಕೋಳ ತೊಡಿಸಲಾಯಿತು; ಆಮೇಲೆ ಆರೋಪ ಕೈಬಿಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ, ತರಗತಿ ಬಿಟ್ಟು ಹೋಗಲು ಒಪ್ಪದ ಹುಡುಗಿಯನ್ನು ಅಧಿಕಾರಿಯೊಬ್ಬರು ಕುಳಿತ ಮೇಜಿನ ಸಮೇತ ಉರುಳಿಸಿ ಎಳೆದರು. 2019ರ ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾದ ಆರ್ಲಾಂಡೊದಲ್ಲಿ, ರಚ್ಚೆ ಹಿಡಿದ 6 ವರ್ಷದ ಮಗುವನ್ನೇ ಬಂಧಿಸಿ ಒಯ್ಯಲಾಯಿತು. ಕೊನೆಯ ಎರಡು ಪ್ರಕರಣಗಳಲ್ಲಿ ಅಧಿಕಾರಿಗಳು ಕೆಲಸ ಕಳೆದುಕೊಂಡರು. ಆದರೆ ಆ ಮಕ್ಕಳಿಗಾದ ಅನುಭವವನ್ನು ಯಾರೂ ಅಳಿಸಲಾರರು.

ಹರೆಯದ ಮಕ್ಕಳ ಮಿದುಳಿನಲ್ಲಿ ಆವೇಶದ ಭಾಗ ಬೇಗ ಬೆಳೆಯುತ್ತದೆ. ಅದಕ್ಕೆ ಲಗಾಮು ಹಾಕುವ ಮುಂಭಾಗ ಪೂರ್ತಿ ಪಕ್ವವಾಗಲು ಇಪ್ಪತ್ತೈದರ ಆಸುಪಾಸು ಆಗಬೇಕು. ಎದುರು ಮಾತು, ಬಾಗಿಲು ಬಡಿಯುವುದು, ಒರಟುತನ ಈ ವಯಸ್ಸಿಗೆ ಸಹಜ. ಇವನ್ನು ತಿದ್ದಬೇಕು, ನಿಜ. ತಿದ್ದುವವರು ಶಿಕ್ಷಕರೂ ತಂದೆತಾಯಂದಿರೂ ಆಗಿರಬೇಕು.

ಇನ್ನು ಕೆಲವು ವೈದ್ಯಕೀಯ ಸ್ಥಿತಿಗಳನ್ನು ನೋಡಿದವರು ಅವಿಧೇಯತೆ ಎಂದೇ ತಿಳಿಯುವ ಸಂಭವವಿದೆ. ಇದು ಓದುಗರಿಗೆ ಚೆನ್ನಾಗಿ ತಿಳಿದಿರಬೇಕು:

ಮೂರ್ಛೆರೋಗ: ಫಿಟ್ಸ್ ನಿಂತ ಮೇಲೂ ಕೆಲವು ನಿಮಿಷ ಮಗುವಿಗೆ ಪೂರ್ಣ ಎಚ್ಚರವಿರುವುದಿಲ್ಲ. ಹಿಡಿಯಲು ಬಂದವರ ಕೈ ತಳ್ಳುತ್ತದೆ, ಕರೆದರೆ ಉತ್ತರ ಕೊಡುವುದಿಲ್ಲ. ಆಗ ಅದುಮಿ ಹಿಡಿದರೆ ಮಗು ಇನ್ನಷ್ಟು ಕೊಸರಾಡುತ್ತದೆ, ಗಾಯವೂ ಆಗಬಹುದು.

ಮಧುಮೇಹ: ಇನ್ಸುಲಿನ್ ತೆಗೆದುಕೊಳ್ಳುವ ಮಗುವಿನ ರಕ್ತದ ಸಕ್ಕರೆ ಕುಸಿದಾಗ ಬೆವರು, ತೊದಲು, ಸಿಟ್ಟು ಕಾಣಿಸಿಕೊಳ್ಳುತ್ತವೆ. ನೋಡಿದವರು ಕುಡಿದಿದ್ದಾನೆ ಎಂದುಕೊಳ್ಳಬಹುದು. ಆ ಕ್ಷಣಕ್ಕೆ ಬೇಕಾದದ್ದು ಸಕ್ಕರೆ.

ಆಟಿಸಂ: ಗದ್ದಲ, ಸೈರನ್, ಅಪರಿಚಿತರ ಸ್ಪರ್ಶ ಇಂಥ ಮಕ್ಕಳಿಗೆ ತಡೆಯಲಾಗದು. ಕಣ್ಣಿಗೆ ಕಣ್ಣು ಕೊಟ್ಟು ನೋಡದಿರುವುದು ಅವರಲ್ಲಿ ಉದ್ಧಟತನವಲ್ಲ.

ಕಿವುಡುತನ: 'ನಿಲ್ಲು' ಎಂದದ್ದು ಕೇಳಿಸದೆ ಮಗು ಮುಂದೆ ನಡೆಯಬಹುದು.

ಪೊಲೀಸರ ಜೊತೆ ನರ್ಸೂ ಬೇಕು

ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ಸಂಸ್ಥೆ 2019ರಲ್ಲಿ ಹೊರತಂದ ವರದಿಯ ಪ್ರಕಾರ, ಆ ದೇಶದ 1 ಕೋಟಿ 40 ಲಕ್ಷ ವಿದ್ಯಾರ್ಥಿಗಳು ಓದುತ್ತಿದ್ದ ಶಾಲೆಗಳಲ್ಲಿ ಪೊಲೀಸರಿದ್ದರು. ಆದರೆ ಆಪ್ತ ಸಮಾಲೋಚಕ, ನರ್ಸ್, ಮನಶ್ಶಾಸ್ತ್ರಜ್ಞ, ಸಮಾಜ ಕಾರ್ಯಕರ್ತ ಈ ನಾಲ್ವರಲ್ಲಿ ಒಬ್ಬರೂ ಇರಲಿಲ್ಲ. ಪ್ರತಿ ಶಾಲೆಗೂ ಪೂರ್ಣಾವಧಿ ನರ್ಸ್ ಇರಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲೇ ಹೇಳಿದೆ. 250 ವಿದ್ಯಾರ್ಥಿಗಳಿಗೆ ಒಬ್ಬ ಸಮಾಲೋಚಕರು ಬೇಕೆಂಬುದು ಅಲ್ಲಿನ ಶಾಲಾ ಸಮಾಲೋಚಕರ ಸಂಘದ ಶಿಫಾರಸು. ಆಸ್ಪತ್ರೆಯ ಬಾಗಿಲಿಗೆ ಕಾವಲುಗಾರನನ್ನಿಟ್ಟು ಒಳಗೆ ವೈದ್ಯರನ್ನೇ ಇಡದಿದ್ದರೆ ಹೇಗೆ?

ಕಾಯಿಲೆ ಉಲ್ಬಣಿಸುವ ಮೊದಲೇ ಗುರುತಿಸುವುದು ಒಳ್ಳೆಯ ವೈದ್ಯ ಪದ್ಧತಿ. ಶಾಲಾ ಹಿಂಸೆಗೂ ಇದು ಅನ್ವಯಿಸುತ್ತದೆ. ಅಮೆರಿಕದ ಸೀಕ್ರೆಟ್ ಸರ್ವಿಸ್ ಸಂಸ್ಥೆ 2008ರಿಂದ 2017ರವರೆಗಿನ 41 ದಾಳಿಗಳನ್ನು ಅಭ್ಯಸಿಸಿ 2019ರಲ್ಲಿ ವರದಿ ಕೊಟ್ಟಿತು. ದಾಳಿ ಮಾಡಿದವರಲ್ಲಿ ಬಹುತೇಕರು ಮೊದಲೇ ಆತಂಕ ಹುಟ್ಟಿಸುವಂತೆ ನಡೆದುಕೊಂಡಿದ್ದರು. ಬಂದೂಕು ಬಳಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಹುಡುಗರಿಗೆ ಅದು ಸಿಕ್ಕಿದ್ದು ತಮ್ಮದೇ ಮನೆಯಲ್ಲಿ ಅಥವಾ ಹತ್ತಿರದ ನೆಂಟರ ಮನೆಯಲ್ಲಿ.

2021ರ ನವೆಂಬರ್ 30ರಂದು ಮಿಷಿಗನ್‌ನ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ ನಡೆದದ್ದು ಇದಕ್ಕೆ ಕಠೋರ ನಿದರ್ಶನ. ಅಂದು ಬೆಳಿಗ್ಗೆಯೇ ಹುಡುಗನೊಬ್ಬ ಬರೆದ ಭೀಕರ ಚಿತ್ರವನ್ನು ಶಿಕ್ಷಕಿ ಗಮನಿಸಿದ್ದರು. ತಂದೆತಾಯಿಯನ್ನು ಕರೆಸಿ ಮಾತಾಡಿದ್ದೂ ಆಯಿತು. ಆದರೆ ಅವನ ಚೀಲವನ್ನು ಯಾರೂ ನೋಡಲಿಲ್ಲ. ಅವನು ತರಗತಿಗೆ ಮರಳಿದ. ಮಧ್ಯಾಹ್ನ ನಾಲ್ವರು ವಿದ್ಯಾರ್ಥಿಗಳು ಅವನ ಗುಂಡಿಗೆ ಬಲಿಯಾದರು. 2024ರಲ್ಲಿ ನ್ಯಾಯಾಲಯ ತಂದೆತಾಯಿ ಇಬ್ಬರನ್ನೂ ತಪ್ಪಿತಸ್ಥರೆಂದು ಸಾರಿ ಜೈಲಿಗೆ ಕಳಿಸಿತು. ರೋಗಲಕ್ಷಣ ಕಂಡಿತ್ತು, ಚಿಕಿತ್ಸೆ ನಡೆಯಲಿಲ್ಲ.

2020ರಲ್ಲಿ ಅಮೆರಿಕದ ಮಕ್ಕಳ ಮತ್ತು ಹರೆಯದವರ ಸಾವಿಗೆ ಬಂದೂಕೇ ಮೊದಲ ಕಾರಣವಾಯಿತು. ಅದು ರಸ್ತೆ ಅಪಘಾತವನ್ನೂ ಮೀರಿಸಿತು. ಈ ಸಾವುಗಳಲ್ಲಿ ಬಹುಪಾಲು ಆಗುವುದು ಶಾಲೆಯ ಹೊರಗೆ, ಆತ್ಮಹತ್ಯೆಯೂ ಸೇರಿದಂತೆ. ಹೀಗಾಗಿ ಬಂದೂಕನ್ನು ಬೀಗ ಹಾಕಿ, ಗುಂಡುಗಳನ್ನು ಬೇರೆ ಕಡೆ ಇಡುವ ಒಂದು ಮನೆಯಭ್ಯಾಸ ಬಾಗಿಲಲ್ಲಿ ನಿಂತ ಪೊಲೀಸರಷ್ಟೇ ಮುಖ್ಯ.

ಅಲ್ಲಿರುವ ಪಾಲಕರು ಏನು ಮಾಡಬೇಕು?

ಈ ಲೇಖನವನ್ನು ಓದುವ ಹಿರಿಯರು ಕೆಳಗಿನ ಅಂಶಗಳನ್ನು ಮಗ-ಸೊಸೆಗೋ ಮಗಳು-ಅಳಿಯನಿಗೋ ತಿಳಿಸಬಹುದು.

1. ಶಾಲೆಗೂ ಪೊಲೀಸ್ ಇಲಾಖೆಗೂ ಲಿಖಿತ ಒಪ್ಪಂದವಿದೆಯೇ ಎಂದು ವಿಚಾರಿಸಿ. ಶಿಸ್ತಿನ ವಿಷಯಗಳಲ್ಲಿ ಅಧಿಕಾರಿ ತಲೆಹಾಕುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿರಬೇಕು.

2. ಮಗುವನ್ನು ಪೊಲೀಸರು ಪ್ರಶ್ನಿಸುವಾಗ ಪಾಲಕರಿಗೆ ತಿಳಿಸುತ್ತಾರೆಯೇ ಎಂದು ಕೇಳಿ. ಶಾಲೆಯಲ್ಲೇ ವಿಚಾರಣೆಗೊಳಗಾದ 13 ವರ್ಷದ ಹುಡುಗನ ಪ್ರಕರಣದಲ್ಲಿ, ಅವನು ಪೊಲೀಸರ ವಶದಲ್ಲಿದ್ದನೇ ಎಂದು ನಿರ್ಧರಿಸುವಾಗ ವಯಸ್ಸನ್ನೂ ಗಣಿಸಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. "ದಯವಿಟ್ಟು ನಮ್ಮ ಅಪ್ಪ ಅಮ್ಮನನ್ನು ಕರೆಸಿ" ಎಂದು ವಿನಯದಿಂದ ಹೇಳಲು ಮಗುವಿಗೆ ಕಲಿಸಿ. ಓಡುವುದು, ತಳ್ಳುವುದು ಬೇಡ ಎಂಬುದನ್ನೂ ಹೇಳಿಕೊಡಿ.

3. ಮೂರ್ಛೆ, ಮಧುಮೇಹ, ಆಟಿಸಂ, ಶ್ರವಣದೋಷ ಇದ್ದರೆ ವೈದ್ಯರಿಂದ ಬರೆಸಿಕೊಂಡು ಶಾಲೆಗೆ ಕೊಡಿ. ಐ.ಇ.ಪಿ. ಅಥವಾ '504 ಯೋಜನೆ' ಎಂಬ ಲಿಖಿತ ಏರ್ಪಾಡಿನಲ್ಲಿ ಅದನ್ನು ಸೇರಿಸಲು ಕೇಳುವ ಹಕ್ಕು ಪಾಲಕರಿಗಿದೆ. ಅಧಿಕಾರಿಗೂ ಆ ವಿಷಯ ತಿಳಿದಿರಲಿ.

4. ತಮಾಷೆಗೂ 'ಬಾಂಬ್', 'ಶೂಟ್' ಎಂಬ ಮಾತು ಆಡಬಾರದು, ಮೊಬೈಲಿನಲ್ಲಿ ಬರೆಯಬಾರದು ಎಂದು ತಿಳಿಹೇಳಿ. ಬೇರೆ ಮಗು ಹಾಗೆ ಬರೆದದ್ದು ಕಂಡರೆ ತಕ್ಷಣ ದೊಡ್ಡವರಿಗೆ ಹೇಳುವುದು ಚಾಡಿಯಲ್ಲ. ಎಷ್ಟೋ ಸಂಚುಗಳು ಬಯಲಾದದ್ದು ಸಹಪಾಠಿಗಳು ಬಾಯಿಬಿಟ್ಟದ್ದರಿಂದಲೇ.

5. ಮಗು ಆಡಲು ಹೋಗುವ ಮನೆಯಲ್ಲಿ ಬಂದೂಕಿದೆಯೇ, ಬೀಗ ಹಾಕಿಟ್ಟಿದ್ದಾರೆಯೇ ಎಂದು ಕೇಳಲು ಸಂಕೋಚಪಡಬೇಡಿ.

6. ಬಾಗಿಲು ಹಾಕಿ ಅಡಗಿ ಕೂರುವ ಅಭ್ಯಾಸವನ್ನು ಅಲ್ಲಿನ ಶಾಲೆಗಳಲ್ಲಿ ಆಗಾಗ ಮಾಡಿಸುತ್ತಾರೆ. ನಿಜದಾಳಿಯಂತೆ ನಟಿಸಿ ಮಕ್ಕಳನ್ನು ಬೆಚ್ಚಿಬೀಳಿಸುವುದು ಬೇಡವೆಂದು ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲಿ ಸಲಹೆ ಮಾಡಿದೆ. ಅಭ್ಯಾಸದ ದಿನ ಮೊದಲೇ ಗೊತ್ತಿದ್ದರೆ ಮಗುವಿನ ಜೊತೆ ಮಾತಾಡಿ.

ಇಂಥ ಅಭ್ಯಾಸದ ನಂತರವಾಗಲಿ, ಪೊಲೀಸರೊಡನೆ ಕಹಿ ಅನುಭವವಾದ ಮೇಲಾಗಲಿ ಮಗುವಿಗೆ ಕಾರಣವಿಲ್ಲದ ಹೊಟ್ಟೆನೋವು, ತಲೆನೋವು, ನಿದ್ರೆಯಲ್ಲಿ ಬೆಚ್ಚುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುವುದು, ಶಾಲೆಗೆ ಹೋಗಲು ಹಟ ಇವುಗಳಲ್ಲಿ ಯಾವುದಾದರೂ ಎರಡು ವಾರ ಮೀರಿ ಉಳಿದರೆ ವೈದ್ಯರಿಗೆ ತೋರಿಸಬೇಕು. ಹೊಟ್ಟೆಯ ಔಷಧಿ ಕುಡಿಸಿ ಸುಮ್ಮನಾಗಬಾರದು. ಸಾಯುವ ಮಾತಾಡಿದರೆ ಎರಡು ವಾರ ಕಾಯುವಂತಿಲ್ಲ, ಅಂದೇ ತೋರಿಸಬೇಕು.

ನಮ್ಮಲ್ಲಿ ಹೇಗೆ?

ಕರ್ನಾಟಕದ ಶಾಲೆಗಳಲ್ಲಿ ಪೊಲೀಸರನ್ನು ಖಾಯಂ ಆಗಿ ಕೂರಿಸುವ ಪದ್ಧತಿಯಿಲ್ಲ. ಅಗತ್ಯ ಬಿದ್ದಾಗ ಬರುವ ಪೊಲೀಸರು ಹೇಗಿರಬೇಕೆಂಬುದಕ್ಕೆ ನಮ್ಮ ಕಾನೂನಿನಲ್ಲಿ ಒಳ್ಳೆಯ ಪಥ್ಯವಿದೆ. 2015ರ ಬಾಲನ್ಯಾಯ ಕಾಯ್ದೆಯಂತೆ ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಕ್ಕಳನ್ನು ಲಾಕಪ್ಪಿಗೆ ಹಾಕುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು.

ಈ ಪಥ್ಯ ಕಾಗದದ ಮೇಲಷ್ಟೇ ಉಳಿಯಬಾರದು. 2020ರ ಆರಂಭದಲ್ಲಿ ಬೀದರಿನ ಶಾಲೆಯೊಂದರ ನಾಟಕದ ಪ್ರಕರಣದಲ್ಲಿ ಸಮವಸ್ತ್ರ ಧರಿಸಿದ ಪೊಲೀಸರು ಮಕ್ಕಳನ್ನು ಪ್ರಶ್ನಿಸಿದ್ದರು. ಮೇಲ್ನೋಟಕ್ಕೆ ಇದು ಮಕ್ಕಳ ಹಕ್ಕುಗಳ ಉಲ್ಲಂಘನೆ ಎಂದು ಕರ್ನಾಟಕ ಹೈಕೋರ್ಟ್ 2021ರ ಆಗಸ್ಟ್‌ನಲ್ಲಿ ಅಭಿಪ್ರಾಯಪಟ್ಟಿತು. ನಾಟಕದ ಒಳಿತು ಕೆಡುಕು ಏನೇ ಇರಲಿ, ಖಾಕಿಯ ಎದುರು ಕೂತ ಮಗುವಿನ ಎದೆಬಡಿತ ಏರುವುದು ಎಲ್ಲ ಕಡೆಯೂ ಒಂದೇ.

ನಮ್ಮ ಮನೆಗಳಲ್ಲಿ ಮಾತ್ರ ಒಂದು ಹಳೆಯ ರೂಢಿ ಬಿಡಬೇಕು. "ಊಟ ಮಾಡದಿದ್ದರೆ ಪೊಲೀಸರು ಬಂದು ಹಿಡಿದುಕೊಂಡು ಹೋಗ್ತಾರೆ ನೋಡು" ಎಂದು ಅಜ್ಜಿ, ಅಮ್ಮ, ಅಪ್ಪ ಎಲ್ಲರೂ ಹೇಳುತ್ತೇವೆ. ಮಗು ಎರಡು ತುತ್ತು ಹೆಚ್ಚು ತಿನ್ನಬಹುದು. ಆದರೆ ಜಾತ್ರೆಯಲ್ಲಿ ಕೈತಪ್ಪಿ ಹೋದಾಗ, ಯಾರಾದರೂ ಮೈಮುಟ್ಟಿ ಕಿರುಕುಳ ಕೊಟ್ಟಾಗ ಅದೇ ಮಗು ಪೊಲೀಸರ ಹತ್ತಿರ ಹೋಗಲು ಹೆದರುತ್ತದೆ. ತಪ್ಪು ಮಾಡಿದವರನ್ನಷ್ಟೇ ಅವರು ಹಿಡಿಯುವುದು, ತಾನೇ ತಪ್ಪು ಮಾಡಿರಬೇಕು ಎಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ದೌರ್ಜನ್ಯ ಮಾಡುವವನಿಗೆ ಬೇಕಾದದ್ದೂ ಅದೇ ಮೌನ.

ಬದಲಿಗೆ ಮಕ್ಕಳಿಗೆ ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿಸಿ: ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯವಾಣಿ 1098, ಮನಸ್ಸಿನ ತಳಮಳಕ್ಕೆ ಟೆಲಿ-ಮನಸ್ 14416. ಜೊತೆಗೆ, ಏನೇ ಆದರೂ ಮೊದಲು ಅಪ್ಪ ಅಮ್ಮನಿಗೆ ಹೇಳಿದರೆ ಬೈಗುಳವಿಲ್ಲ ಎಂಬ ಭರವಸೆ ಕೊಡಿ. ಆ ಭರವಸೆ ಇರುವ ಮಗು ಅಮೆರಿಕದಲ್ಲಿದ್ದರೂ ಅರಸೀಕೆರೆಯಲ್ಲಿದ್ದರೂ ಅರ್ಧ ಸುರಕ್ಷಿತ. ಉಳಿದರ್ಧಕ್ಕೆ ಶಿಕ್ಷಕರು, ನರ್ಸ್, ಸಮಾಲೋಚಕರು, ಕೊನೆಗೆ ಪೊಲೀಸರು, ಈ ಕ್ರಮದಲ್ಲಿ ಇರಲಿ.